ಫ್ರಾನ್ಸಿನಲ್ಲಿ ಓದು: ಮೊದಲ ಸೆಮಿಸ್ಟರ್‌ಗೆ ಹೊಂದಿಕೊಳ್ಳುವುದು ಹೇಗೆ?

ಗ್ರೆನೋಬಲ್‌ಗೆ ಹೋದ ಮೊದಲ ವಾರ. ಕಚೇರಿಯೊಂದರ ಕೌಂಟರ್ ಮುಂದೆ ನಿಂತು ಇಂಗ್ಲಿಷ್‌ನಲ್ಲಿ ನೇರವಾಗಿ ನನ್ನ ಕೆಲಸ ಹೇಳಿದೆ. ಅಲ್ಲಿ ಕೂತಿದ್ದ ಮಹಿಳೆ ಪೆನ್ನು ಕೆಳಗಿಟ್ಟು, ನನ್ನ ಮುಖ ನೋಡಿ, 'ಬೊಂಜೂರ್', ಅಂದರೆ ನಮಸ್ಕಾರ, ಎಂದರು. ನಾನು ಮತ್ತೆ ಕೆಲಸ ಹೇಳಿದೆ. ಅವರು ಮತ್ತೆ 'ಬೊಂಜೂರ್' ಎಂದು ಕಾದರು. ನಾನೂ ಬೊಂಜೂರ್ ಎಂದ ಮೇಲೆಯೇ ಕಾಗದಕ್ಕೆ ಕೈ ಚಾಚಿದರು. ಆಮೇಲೆ ಎಲ್ಲವನ್ನೂ ಇಂಗ್ಲಿಷ್‌ನಲ್ಲೇ ನಗುತ್ತಾ ವಿವರಿಸಿದರು.

ಹಾಗಾಗಿ ಮೊದಲು ಕಲಿಯಬೇಕಾದದ್ದು ಇದನ್ನೇ. ಬಸ್ಸು ಹತ್ತುವಾಗ, ಬ್ರೆಡ್ ಅಂಗಡಿಗೆ ಹೋದಾಗ, ಪ್ರೊಫೆಸರ್ ಎದುರಾದಾಗ, ಮೊದಲು ಬೊಂಜೂರ್. ಸಂಜೆಯಾದರೆ ಬೊಂಸ್ವಾರ್. ವ್ಯಾಕರಣ ತಪ್ಪಾದರೂ ಪರವಾಗಿಲ್ಲ, ಬಾಯಿ ಬಿಡಬೇಕು. ನಮಗೊಂದು ಅನುಕೂಲವೂ ಇದೆ. ಫ್ರೆಂಚಿನ 'ವೂ', 'ತ್ಯು' ನಮ್ಮ ನೀವು, ನೀನು ಇದ್ದ ಹಾಗೆ. ಮೇಷ್ಟ್ರಿಗೆ ವೂ, ಕ್ಲಾಸಿನ ಗೆಳೆಯರಿಗೆ ಮೊದಲ ದಿನದಿಂದಲೇ ತ್ಯು.

ಕಾಗದಪತ್ರ ಮುಂದೂಡಬೇಡಿ

ವಿದ್ಯಾರ್ಥಿಗಳ ದೀರ್ಘಾವಧಿ ವೀಸಾ ಸಿಕ್ಕಿದ್ದರೆ, ಅಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಅದನ್ನು ಆನ್‌ಲೈನ್‌ನಲ್ಲಿ ಊರ್ಜಿತ ಮಾಡಿಸಬೇಕು. ಯೂನಿವರ್ಸಿಟಿಗೆ ಸೇರುವ ಮುಂಚೆ 'ಸಿವೆಕ್' ಎಂಬ ಶುಲ್ಕ ಕಟ್ಟಬೇಕು. 2025-26ರಲ್ಲಿ ಅದು 105 ಯೂರೋ ಇತ್ತು. ಸರ್ಕಾರಿ ಆರೋಗ್ಯ ವಿಮೆಗೆ 'ಅಮೆಲಿ' ತಾಣದಲ್ಲಿ ನೋಂದಾಯಿಸಿಕೊಳ್ಳಿ, ದುಡ್ಡು ಕಟ್ಟಬೇಕಿಲ್ಲ. ಬಾಡಿಗೆ ಮನೆಗೆ ಜಾಮೀನು ಕೊಡುವವರಿಲ್ಲದಿದ್ದರೆ 'ವಿಸಾಲ್' ಎಂಬ ಉಚಿತ ಯೋಜನೆಗೆ ಅರ್ಜಿ ಹಾಕಿ.

ಹೆಸರಿನ ವಿಷಯದಲ್ಲಿ ಮಾತ್ರ ಬಹಳ ಜಾಗ್ರತೆ. ಅಲ್ಲಿನ ಫಾರ್ಮುಗಳಲ್ಲಿ 'ನೋಂ' ಅಂದರೆ ಮನೆತನದ ಹೆಸರು, 'ಪ್ರೆನೋಂ' ಅಂದರೆ ನಿಮ್ಮ ಹೆಸರು. ನಮ್ಮಲ್ಲಿ ಎಷ್ಟೋ ಜನಕ್ಕೆ ಇನಿಶಿಯಲ್ ಬಿಟ್ಟರೆ ಮನೆತನದ ಹೆಸರೇ ಇರುವುದಿಲ್ಲ ಅಲ್ವಾ? ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ ಎಲ್ಲ ಕಡೆ ಬರೆಯಿರಿ. ಜನನ ಪ್ರಮಾಣಪತ್ರದಲ್ಲಿ ಬೇರೆ ಥರ ಇದ್ದರೆ ಊರಿನಲ್ಲಿರುವಾಗಲೇ ಸರಿಮಾಡಿಸಿ.

ಕ್ಲಾಸಿನಲ್ಲಿ

ದೊಡ್ಡ ಹಾಲ್‌ನಲ್ಲಿ ನಡೆಯುವ ಉಪನ್ಯಾಸಕ್ಕೆ 'ಸೇಎಂ' ಅನ್ನುತ್ತಾರೆ. ಚಿಕ್ಕ ಗುಂಪಿನ ಕ್ಲಾಸು 'ತೇದೇ'. ಇಲ್ಲಿ ಸಾಮಾನ್ಯವಾಗಿ ಹಾಜರಿ ತೆಗೆದುಕೊಳ್ಳುತ್ತಾರೆ, ನಿಮ್ಮನ್ನು ಮಾತಾಡಿಸುತ್ತಾರೆ. ಉಪನ್ಯಾಸದಲ್ಲಿ ಅರ್ಧ ಅರ್ಥವಾಗದಿದ್ದರೆ ಗಾಬರಿ ಬೇಡ. ಪಕ್ಕದವರ ಹತ್ತಿರ ನೋಟ್ಸ್ ಕೇಳಿ. ನನಗೆ ಆದ ಮೊದಲ ಗೆಳೆತನ ಹಾಗೆ ನೋಟ್ಸ್ ಕೇಳಿಯೇ ಆದದ್ದು.

ಬರೆಯುವ ರೀತಿ ಬದಲಾಗಬೇಕು. ಗೊತ್ತಿದ್ದನ್ನೆಲ್ಲ ಹಾಳೆ ತುಂಬಾ ಬರೆದರೆ ಅಲ್ಲಿ ಅಂಕ ಬರುವುದಿಲ್ಲ. ಪ್ರಬಂಧವಾದರೆ ವಿಷಯದಿಂದ ಒಂದು ಪ್ರಶ್ನೆ ಎತ್ತಬೇಕು. ಅದಕ್ಕೆ ಎರಡು ಅಥವಾ ಮೂರು ಭಾಗದ ಚೌಕಟ್ಟು ಹಾಕಬೇಕು. ಆಮೇಲಷ್ಟೇ ಬರವಣಿಗೆ. ನನ್ನ ಮೊದಲ ಉತ್ತರಪತ್ರಿಕೆಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ 'ಪ್ಲಾನ್?' ಎಂದಷ್ಟೇ ಬರೆದಿತ್ತು. ಆ ಒಂದು ಪದ ಅರ್ಥವಾಗಲು ನನಗೆ ಒಂದು ಸೆಮಿಸ್ಟರ್ ಬೇಕಾಯಿತು.

ಅಂಕ 20ಕ್ಕೆ. 10 ಬಂದರೆ ಪಾಸು, 14 ಬಂದರೆ 'ಬಿಯಾಂ', ಅಂದರೆ ಚೆನ್ನಾಗಿದೆ. 16 ಅಂದರೆ ಬಹಳ ಚೆನ್ನಾಗಿದೆ. ತೊಂಬತ್ತು ಪರ್ಸೆಂಟ್ ನೋಡಿ ಬೆಳೆದವರಿಗೆ 13 ಕಂಡರೆ ಅಳು ಬರುತ್ತದೆ. ಅಳಬೇಡಿ, ಅದು ಒಳ್ಳೆಯ ಅಂಕವೇ.

ಊಟ, ಚಳಿ, ಮನೆ ನೆನಪು

ಮಧ್ಯಾಹ್ನ 'ಕ್ರೂಸ್' ಎಂಬ ಸರ್ಕಾರಿ ವಿದ್ಯಾರ್ಥಿ ಸೇವಾ ಸಂಸ್ಥೆಯ ಕ್ಯಾಂಟೀನಿಗೆ ಹೋಗಿ. 2025ರಲ್ಲಿ ಅಲ್ಲಿ ವಿದ್ಯಾರ್ಥಿಗಳ ಊಟಕ್ಕೆ 3.30 ಯೂರೋ ಇತ್ತು. ಸಸ್ಯಾಹಾರಿಗಳು 'ಮಾಂಸ ಬೇಡ, ಮೀನೂ ಬೇಡ' ಎಂದು ಬಿಡಿಸಿ ಹೇಳುವುದು ಒಳ್ಳೆಯದು. ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ಅಕ್ಕಿ, ತರಕಾರಿ ತಂದಿಟ್ಟುಕೊಳ್ಳಿ.

ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆಲ್ಲ ಕತ್ತಲು. ಮನಸ್ಸು ಜಾಸ್ತಿ ಕುಗ್ಗುವುದು ಆಗಲೇ. ರೂಮಿನಲ್ಲಿ ಒಬ್ಬರೇ ಕೂರಬೇಡಿ. ಯೂನಿವರ್ಸಿಟಿಯ ಆಟದ ಗುಂಪಿಗೆ ಹೆಸರು ಕೊಡಿ. ಮನೆಗೆ ಫೋನ್ ಮಾಡಲು ಹೊತ್ತು ಗೊತ್ತುಮಾಡಿಕೊಳ್ಳಿ. ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ. ನೀವು ರಾತ್ರಿ ಊಟ ಮುಗಿಸುವಷ್ಟರಲ್ಲಿ ಅಮ್ಮ ಮಲಗಿರುತ್ತಾರೆ. ಮಧ್ಯಾಹ್ನ ಹನ್ನೆರಡೂವರೆಗೆ ಮಾಡಿದರೆ ಇಲ್ಲಿ ಸಂಜೆ ಐದು, ಕಾಫಿಯ ಹೊತ್ತು.