ವಿಚ್ಛೇದನಕ್ಕೆ ವಕಾಲತ್ತು ಬೇಕಾಗಲಿಲ್ಲ, ಕರಾರಿಗೆ ವಕೀಲರು ಬೇಕಾದರು: ನನ್ನ ಅನುಭವ

ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ ನಮ್ಮ 13ಬಿ ಅರ್ಜಿ (ಹಿಂದೂ ವಿವಾಹ ಕಾಯಿದೆಯಡಿ ಪರಸ್ಪರ ಒಪ್ಪಿಗೆಯ ವಿಚ್ಛೇದನ) ಡಿಕ್ರಿ ಆಯಿತು, ಅಂದರೆ ಅಂತಿಮ ಆದೇಶವಾಯಿತು, ಎರಡೂ ಕಡೆ ವಕಾಲತ್ತು ಇಲ್ಲದೆ. ಫೈಲಿಂಗ್ ಕೌಂಟರನ್ನೇ ದಾಟುವುದಿಲ್ಲ ಎಂದವರು ಬಹಳ ಮಂದಿ. ದಾಟಿತು, ಎರಡನೇ ಸಲಕ್ಕೆ.

ನಾನು ವಿಚಾರಿಸಿದ ವಕೀಲರು ಹೇಳಿದ ಫೀಸು ಸುಮಾರು 50 ಸಾವಿರದಿಂದ 1.25 ಲಕ್ಷ. ಆ ದುಡ್ಡಿಗೆ ಸಿಗುವುದು ಮೂರು ಕೆಲಸ: ಅರ್ಜಿ ಬರೆಯುವುದು, ತಾರೀಖಿಗೆ ಹಾಜರಾಗುವುದು, ಒಪ್ಪಂದದ ಷರತ್ತುಗಳನ್ನು ಬಿಗಿ ಮಾಡುವುದು. ಮೊದಲೆರಡು ನಮ್ಮಿಂದ ಆಗುವಂಥವು. ಕೌಟುಂಬಿಕ ನ್ಯಾಯಾಲಯಗಳ ಕಾಯಿದೆ, 1984ರ ಕಲಂ 13ರ ಪ್ರಕಾರ ಅಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕೂ ಅಲ್ಲ, ಹಾಗಾಗಿ ಪಾರ್ಟಿ ಇನ್ ಪರ್ಸನ್ (ನಮ್ಮ ಪರ ನಾವೇ ಹಾಜರು) ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಮೂರನೆಯದು ಮಾತ್ರ ನಮ್ಮ ಕೈಮೀರಿದ್ದು. ಅದಕ್ಕಷ್ಟೇ ದುಡ್ಡು ಕೊಟ್ಟೆವು. ಒಬ್ಬ ವಕೀಲರು ಇಬ್ಬರಿಗೂ ಸಲಹೆ ಕೊಡಲಾಗದು, ಆದ್ದರಿಂದ ಕರಡನ್ನು ಬೇರೆ ಬೇರೆಯವರಿಗೆ ಓದಿಸಿದೆವು, ತಲಾ ಐದಾರು ಸಾವಿರ. ನೋಟರಿ, ಜೆರಾಕ್ಸ್, ಕೋರ್ಟ್ ಶುಲ್ಕ ಸೇರಿ ಇಬ್ಬರದೂ ಹದಿನೈದು ಸಾವಿರ ಮೀರಲಿಲ್ಲ.

ಮೊದಲ ಸಲ ಅರ್ಜಿ ಆಫೀಸ್ ಆಬ್ಜೆಕ್ಷನ್ (ಕೋರ್ಟ್ ಕಚೇರಿಯ ಆಕ್ಷೇಪ) ಬಿದ್ದು ವಾಪಸ್ ಬಂತು. ಮದುವೆ ಆಗಿದ್ದು ಹಾಸನದಲ್ಲಿ. ಕೊನೆಯದಾಗಿ ಒಟ್ಟಿಗೆ ವಾಸವಿದ್ದ ಬೆಂಗಳೂರಿನ ವಿಳಾಸ ಅರ್ಜಿಯಲ್ಲೇ ಇರಲಿಲ್ಲ. ಅದಿಲ್ಲದೆ ಇಲ್ಲಿನ ನ್ಯಾಯಾಲಯದ ವ್ಯಾಪ್ತಿ ಎಲ್ಲಿಂದ ಬರಬೇಕು? ಬೇರೆಯಾದ ತಾರೀಖು ಅರ್ಜಿಯಲ್ಲಿ ಒಂದು, ಪ್ರಮಾಣಪತ್ರದಲ್ಲಿ (ಅಫಿಡವಿಟ್) ಇನ್ನೊಂದು. ಬರೆದದ್ದೆಲ್ಲ ನಿಜ ಎಂಬ ಸತ್ಯಾಪನೆಗೆ ಒಬ್ಬರದೇ ಸಹಿ. ಮೂರೂ ನಮ್ಮದೇ ತಪ್ಪು, ಮೂರು ವಾರ ಹೋಯಿತು. ಅರ್ಜಿಯನ್ನು ಕನ್ನಡದಲ್ಲೇ ಬರೆದು ನೋಡಿದೆವು, ಭಾಷೆಯ ಬಗ್ಗೆ ಒಂದು ಆಕ್ಷೇಪವೂ ಬರಲಿಲ್ಲ. ಎಂ.ಸಿ. ನಂಬರ್ (ವೈವಾಹಿಕ ಪ್ರಕರಣದ ಸಂಖ್ಯೆ) ಬಿದ್ದ ಮೇಲೆ ಸಿಎನ್‌ಆರ್ ಸಂಖ್ಯೆ (ಪ್ರತಿ ಪ್ರಕರಣಕ್ಕೂ ಇರುವ ಗುರುತು ಸಂಖ್ಯೆ) ಹಾಕಿದರೆ ಇ-ಕೋರ್ಟ್ಸ್ ಆಪ್‌ನಲ್ಲೇ ತಾರೀಖು ಸಿಗುತ್ತದೆ, ಅದಕ್ಕೊಬ್ಬ ಗುಮಾಸ್ತರು ಬೇಡ.

ಅರ್ಜಿ ಹಾಕಿದ ಮೇಲೆ ಕಾನೂನು ಹೇಳುವ ಆರು ತಿಂಗಳ ಕಾಯುವಿಕೆ ಮನ್ನಾ ಮಾಡಿಸಲು ಐಎ (ಮಧ್ಯಂತರ ಅರ್ಜಿ) ಹಾಕಿದ್ದು ವ್ಯರ್ಥವಾಯಿತು. ಸುಪ್ರೀಂ ಕೋರ್ಟಿನ 2017ರ ಅಮರ್‌ದೀಪ್ ಸಿಂಗ್ ತೀರ್ಪಿನಲ್ಲಿ ಮನ್ನಾಕ್ಕೆ ಹೇಳಿರುವ ಅಂಶಗಳಲ್ಲಿ ಮೊದಲನೆಯದು, ಅರ್ಜಿ ಹಾಕುವ ಮುನ್ನವೇ ಒಂದೂವರೆ ವರ್ಷ ಬೇರೆ ಇದ್ದಿರಬೇಕು ಎಂಬುದು. ನಮ್ಮದು ಸುಮಾರು 14 ತಿಂಗಳು. ವಜಾ. ಇನ್ನು ನಾಲ್ಕು ತಿಂಗಳು ತಡೆದು ಫೈಲ್ ಮಾಡಿದ್ದರೆ ಆ ಅಂಶವಾದರೂ ನಮ್ಮ ಕಡೆ ಇರುತ್ತಿತ್ತು.

ದುಡ್ಡಿನ ವಿಷಯದಲ್ಲಿ ಎಡವಿದ್ದು ಡಿಡಿಯಲ್ಲಿ. ಮೊದಲ ಹಾಜರಾತಿಗೇ ಜೀವನಾಂಶದ ಪೂರ್ತಿ ಮೊತ್ತಕ್ಕೆ ಡಿಡಿ ತೆಗೆಸಿ, ಜೆರಾಕ್ಸ್ ಕಡತಕ್ಕೆ ಸೇರಿಸಿದೆವು. ಡಿಡಿಯ ಆಯುಸ್ಸು ಮೂರು ತಿಂಗಳು, ಕಾಯುವಿಕೆ ಆರು ತಿಂಗಳು! ಬ್ಯಾಂಕಿಗೆ ಹೋಗಿ ರದ್ದು ಮಾಡಿಸಿ, ಎರಡನೇ ಹಾಜರಾತಿಯ ಹಿಂದಿನ ವಾರ ಹೊಸದಾಗಿ ತೆಗೆಸಬೇಕಾಯಿತು. ಡಿಡಿಯಲ್ಲಿನ ಹೆಸರು ಪಾಸ್‌ಬುಕ್ಕಿನಲ್ಲಿರುವಂತೆಯೇ ಇರಲಿ. ಮದುವೆಯ ನಂತರದ ಹೆಸರು, ಮುಂಚಿನ ಹೆಸರು ಅದಲು ಬದಲಾದರೆ ಮತ್ತೊಂದು ಸುತ್ತು.

ವಕೀಲರಿಗೆ ಕೊಟ್ಟ ಫೀಸು ಪೂರ್ತಿ ವಸೂಲಾಗಿದ್ದು ಜಂಟಿ ಸಾಲವಿದ್ದ ನಮ್ಮ ಫ್ಲಾಟಿನ ಕಲಮಿನಲ್ಲಿ. 'ಸಾಲವನ್ನು ಒಬ್ಬರೇ ತೀರಿಸತಕ್ಕದ್ದು' ಎಂದು ಬರೆದುಕೊಂಡು ನಿಶ್ಚಿಂತೆಯಾಗಿದ್ದೆವು. ಡಿಕ್ರಿಯಲ್ಲಿ ಏನೇ ಇರಲಿ, ಜಂಟಿ ಸಾಲಗಾರರಾಗಿ ಸಹಿ ಹಾಕಿದವರನ್ನು ಬ್ಯಾಂಕ್ ಬಿಡುವುದಿಲ್ಲ. ಒಬ್ಬರ ಆದಾಯದ ಮೇಲೆ ಸಾಲ ಮರುಮಂಜೂರಾಗಿ, ಇನ್ನೊಬ್ಬರ ಹೆಸರು ತೆಗೆದ ಪತ್ರ ಕೈಗೆ ಬರಬೇಕು. ನಮಗೆ ಹತ್ತಿರ ಹತ್ತಿರ ಎರಡು ತಿಂಗಳು ಹಿಡಿಯಿತು. ಒಬ್ಬರ ಪಾಲನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಡಿಕ್ರಿಗೆ ಮುಂಚೆಯೇ ನೋಂದಾಯಿಸಬೇಕು. ಮುದ್ರಾಂಕ ಶುಲ್ಕದ ರಿಯಾಯಿತಿ ಕುಟುಂಬದವರ ನಡುವೆ ಮಾತ್ರ, ಡಿಕ್ರಿ ಆದ ಮೇಲೆ ಗಂಡ ಹೆಂಡತಿ ಆ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಡಿಕ್ರಿ ಆಗುವವರೆಗೂ ಯಾರು ಬೇಕಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು. ಈ ಎರಡರ ನಡುವೆ ನಾವು ಹಿಡಿದ ದಾರಿ: ಫ್ಲಾಟಿನ ಹಣ ನೋಂದಣಿಯ ದಿನ, ಜೀವನಾಂಶದ ಡಿಡಿ ನ್ಯಾಯಾಧೀಶರ ಎದುರು. ಒಪ್ಪಿಗೆ ಹಿಂತೆಗೆದರೆ ಫ್ಲಾಟಿನ ಗತಿ ಏನು ಎಂಬುದಕ್ಕೂ ಒಂದು ಕಲಂ ಇದೆ. ಅದರ ಒಕ್ಕಣೆಯನ್ನು ಇಲ್ಲಿ ಕೊಡುವುದಿಲ್ಲ. ನಿಮ್ಮ ಆಸ್ತಿಗೆ ತಕ್ಕಂತೆ ನಿಮ್ಮ ವಕೀಲರೇ ಬರೆಯಬೇಕಾದದ್ದು ಅದು.

ಒಡವೆಗೆ 'ಎಲ್ಲ ಹಿಂತಿರುಗಿಸಲಾಗಿದೆ' ಎಂಬ ಒಂದು ಸಾಲು ಸಾಲದು. ಅವಲಕ್ಕಿ ಸರ 32 ಗ್ರಾಂ, ಬಳೆ ನಾಲ್ಕು 40 ಗ್ರಾಂ, ಹೀಗೆ ತೂಗಿಸಿ, ಫೋಟೊ ಅಂಟಿಸಿ, ಪ್ರತಿ ಪುಟಕ್ಕೂ ಇಬ್ಬರ ಸಹಿ ಹಾಕಿದೆವು. ಹಾಗಾಗಿ ಕೋರ್ಟಿನ ಸಂಧಾನ ಕೇಂದ್ರದ ಮೀಡಿಯೇಷನ್‌ನಲ್ಲಿ ಅರ್ಧ ಗಂಟೆಯೂ ಹಿಡಿಯಲಿಲ್ಲ.

ನಮಗೆ ಮಕ್ಕಳಿಲ್ಲ, ಯಾವ ದೂರೂ ದಾಖಲಾಗಿರಲಿಲ್ಲ. ಮಗುವಿದ್ದರೆ ನಾನು ಈ ದಾರಿ ಹಿಡಿಯುತ್ತಿರಲಿಲ್ಲ: ತಾಯಿ ತನ್ನ ಜೀವನಾಂಶ ಬಿಡಬಹುದು, ಮಗುವಿನದನ್ನು ಬಿಟ್ಟುಕೊಡಲಾಗದು, ಅದು ತಿಳಿಯದೆ ಬರೆದ ಒಪ್ಪಂದ ಮತ್ತೆ ಕೋರ್ಟಿಗೆ ಬರುತ್ತದೆ. 498ಎ (ಹೆಂಡತಿಗೆ ಕಿರುಕುಳದ ಕ್ರಿಮಿನಲ್ ಕೇಸು, 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 85) ಬಾಕಿ ಇದ್ದರೆ ರದ್ದತಿಗೆ ಹೈಕೋರ್ಟಿಗೇ ಹೋಗಬೇಕು. ಹೊಡೆತ ಬಡಿತ ಇದ್ದಲ್ಲಿ, ಎದುರಿನವರು ಆಗಲೇ ವಕೀಲರನ್ನು ಹಿಡಿದಿದ್ದಲ್ಲಿ, ದಯವಿಟ್ಟು ಒಂಟಿಯಾಗಿ ಹೋಗಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, 15100ಕ್ಕೆ ಕರೆ ಮಾಡಿದರೆ ಸಾಕು.

ಡಿಕ್ರಿ ಆದ ದಿನವೇ ದೃಢೀಕೃತ ನಕಲಿಗೆ ಅರ್ಜಿ ಹಾಕಿ, ನಾಲ್ಕು ಪ್ರತಿ ಕೇಳಿ. ನಾವು ಎರಡೇ ಕೇಳಿದ್ದೆವು. ಒಂದು ಬ್ಯಾಂಕಿನವರು ಇಟ್ಟುಕೊಂಡರು, ಇನ್ನೊಂದು ಇಂಗ್ಲಿಷ್ ಅನುವಾದಕ್ಕೆ ಹೋಗಿದೆ, ಇನ್ನೂ ಬಂದಿಲ್ಲ.