ಪತ್ರಿ ಗಿಡದಲ್ಲಿ ತಿನ್ನೋ ಹಣ್ಣು: ನನ್ನ ಅನುಭವ

ಈ ಏಪ್ರಿಲ್‌ನಲ್ಲಿ ಪಡಸಾಲೆಯಲ್ಲಿ ಇಟ್ಟಿದ್ದ ಏಳು ಬಿಲ್ವದ (ನಮ್ಮ ಕಡೆ ಪತ್ರಿ ಗಿಡ ಅಂತಾರೆ) ಹಣ್ಣಿನ ಘಮ ಗೇಟಿನ ತನಕ ಬರುತ್ತಿತ್ತು. "ಪತ್ರಿ ಗಿಡದ ಹಣ್ಣ ಯಾರ ತಿಂತಾರೋ ತಮ್ಮಾ" ಅಂತ ಐದಾರು ವರ್ಷ ಹೇಳುತ್ತಲೇ ಬಂದ ನಮ್ಮ ಕಾಕಾ ಎರಡು ಗ್ಲಾಸ್ ಶರಬತ್ತು ಕುಡಿದು ಇನ್ನೊಂದು ಕೇಳಿದರು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಿಜ ಹೇಳಬೇಕೆಂದರೆ ನನಗೆ ಮೊದಲು ಬೇಕಾಗಿದ್ದು ಕ್ವಿನ್ಸ್, ಸೇಬಿನ ಕುಟುಂಬದ ಘಮಘಮಿಸುವ ಚಳಿ ನಾಡಿನ ಹಣ್ಣು. ಕಲಬುರಗಿಯ ದರ್ಗಾ ಕಡೆ ಯುನಾನಿ ಅಂಗಡಿಗಳಲ್ಲಿ ಬೆಹಿದಾನಾ ಸಿಗುತ್ತಲ್ಲ, ಕೆಮ್ಮಿಗೆ ನೀರಲ್ಲಿ ನೆನೆಸಿ ಕುಡಿಯುತ್ತಾರೆ, ಅದು ಇದರದ್ದೇ ಬೀಜ. ಒದ್ದೆ ಮರಳಲ್ಲಿ ಹಾಕಿ ಮೂರು ತಿಂಗಳು ಫ್ರಿಜ್‌ನಲ್ಲಿ ಇಟ್ಟೆ. ಐವತ್ತರಲ್ಲಿ ಎಂಟೋ ಒಂಬತ್ತೋ ಮೊಳೆತವು, ಮೇ ಬಿಸಿಲಿಗೆ ಒಂದೂ ಉಳಿಯಲಿಲ್ಲ. ಆಮೇಲೆ 850 ರೂಪಾಯಿಯಂತೆ ಎರಡು ಕಸಿ ಗಿಡ ಆನ್‌ಲೈನ್‌ನಲ್ಲಿ ತರಿಸಿದೆ. ಒಂದು ದಾರಿಯಲ್ಲೇ ಒಣಗಿ ಬಂತು. ಇನ್ನೊಂದು ಎರಡು ವರ್ಷ ಬರೀ ಎಲೆ ಬಿಟ್ಟಿತು, ಹೂವಿನ ಸುಳಿವೇ ಇಲ್ಲ. ಅದಕ್ಕೆ ವಾರಗಟ್ಟಲೆ ಗಟ್ಟಿ ಚಳಿ ಬೇಕು, ನಮ್ಮ ಕಡೆ ಎಲ್ಲಿಂದ ತರೋದು?

ಬಿಲ್ವಕ್ಕೆ ಬೆಂಗಾಲ್ ಕ್ವಿನ್ಸ್ ಅನ್ನೋ ಹೆಸರೂ ಇದೆ ಅಂತ ಆಗ ಗೊತ್ತಾಯಿತು. ಶಾಸ್ತ್ರೀಯ ಹೆಸರಿನ ಮಾರ್ಮೆಲೋಸ್ ಕೂಡ ಪೋರ್ಚುಗೀಸರು ಕ್ವಿನ್ಸ್‌ಗೆ ಹೇಳೋ ಮಾತಿನಿಂದಲೇ ಬಂದದ್ದು. ಜಾತಿ ಬೇರೆ, ಬಿಲ್ವ ನಿಂಬೆ ಕುಟುಂಬದ್ದು. ಆದರೂ ಘಮ, ಮುರಬ್ಬ ಎರಡಕ್ಕೂ ಇದೇ ಸಾಕು ಅನ್ನಿಸಿತು. ಆಳಂದ ರಸ್ತೆ ಕಡೆಯ ನಮ್ಮ ಎರೆ ಹೊಲದ ಒಡ್ಡಿನ ಮೇಲೆ ಅಪ್ಪ ಪೂಜೆಗೆಂದು ಬೀಜದಿಂದ ಬೆಳೆಸಿದ 14 ಗಿಡ ಇದ್ದವು. ಕಾಯಿ ಸಣ್ಣ, ಸಿಪ್ಪೆ ಕಲ್ಲಿನ ಹಾಗೆ, ಒಳಗೆ ಬರೀ ಬೀಜ ಮತ್ತು ಅಂಟು.

ಅವನ್ನು ಮಾರ್ಚ್‌ನಲ್ಲಿ ಮೂರಡಿಗೆ ಕಡಿದು, ಹೊಸ ಚಿಗುರಿಗೆ ಜೂನ್-ಜುಲೈನಲ್ಲಿ ಒಳ್ಳೆ ತಳಿಯ ಕಣ್ಣು (ಕೊಂಬೆಯಿಂದ ತೊಗಟೆ ಸಮೇತ ತೆಗೆದ ಮೊಗ್ಗು) ಕಸಿ ಮಾಡೋದು ನನ್ನ ಯೋಚನೆ. ಪತ್ರಿ ಗಿಡಕ್ಕೆ ಕೊಡಲಿ ಹಾಕ್ತೀಯಾ ಅಂತ ಅವ್ವ ಎರಡು ದಿನ ಮಾತು ಬಿಟ್ಟರು. ಕೊನೆಗೆ ನಾಲ್ಕು ಗಿಡ ಮುಟ್ಟಲ್ಲ, ಶ್ರಾವಣ ಸೋಮವಾರ ಶರಣಬಸವೇಶ್ವರ ಗುಡಿಗೆ ಅವುಗಳ ಪತ್ರಿಯೇ ಹೋಗುತ್ತದೆ ಅಂತ ಮಾತು ಕೊಟ್ಟ ಮೇಲೆ ಒಪ್ಪಿದರು. ಆ ಮಾತು ಇವತ್ತಿಗೂ ಉಳಿಸಿಕೊಂಡಿದ್ದೇನೆ.

ಮೊದಲ ವರ್ಷ, 2018 ಇರಬೇಕು, ಪರಿಚಯದವರೊಬ್ಬರ ಕೈಲಿ ಗುಜರಾತಿನಿಂದ ಕಣ್ಣಿನ ಕಡ್ಡಿ ತರಿಸಿದೆ. ಒದ್ದೆ ಗೋಣಿಚೀಲದಲ್ಲಿ ಸುತ್ತಿದ್ದರೂ ಮೂರು ದಿನದ ರೈಲಿನಲ್ಲಿ ಸತ್ವ ಹೋಗಿತ್ತು. ನಲವತ್ತು ಕಣ್ಣು ಕಟ್ಟಿದ್ದಕ್ಕೆ ಹಿಡಿದದ್ದು ಆರು, ಅದರಲ್ಲೂ ಗಾಳಿಗೆ ಮುರಿದು ಉಳಿದದ್ದು ಎರಡು. ಕಸಿ ಮಾಡುವವನ ಕೂಲಿ, ಕಡ್ಡಿ, ಓಡಾಟ ಸೇರಿ ಆರೇಳು ಸಾವಿರ ಹೋಯಿತು. ಅಲ್ಲಿಗೆ ಒಂದು ಮಾತು ತಿಳಿಯಿತು: ಕಣ್ಣು ತೆಗೆದ ದಿನವೇ ಕಟ್ಟಬೇಕು. ಮರು ವರ್ಷ ಬಿಲ್ವದ ಎರಡು ಒಳ್ಳೆ ತಳಿ, ಗೋಮಾ ಯಶಿ ಎರಡು, ನರೇಂದ್ರ ಬೇಲ್-9 ಎರಡು, ಹೀಗೆ ನಾಲ್ಕು ಕಸಿ ಗಿಡ ತಂದು ಮನೆ ಮುಂದೆಯೇ ನೆಟ್ಟೆ. ಗೋಮಾ ಯಶಿ ಗಿಡ್ಡ, ಮುಳ್ಳು ಇಲ್ಲವೆಂದೇ ಹೇಳಬಹುದು, ಕೊಂಬೆ ಜೋತು ಬಿದ್ದು ಅಂಗಳಕ್ಕೇ ಅಂದ ಬಂತು. 2021ರಲ್ಲಿ ಇವುಗಳದ್ದೇ ಕಣ್ಣು ತೆಗೆದು, ಸಂಜೆ ಹೊತ್ತು, ಕೂಲಿಯವನಿಲ್ಲದೆ ನಾನೇ ಕಟ್ಟಿದೆ. ಮೂವತ್ತಕ್ಕೆ ಇಪ್ಪತ್ತಾರು ಹಿಡಿದವು! ಕಣ್ಣು ತೆಗೆಯುವ ಎಂಟು ದಿನ ಮೊದಲು ತಾಯಿ ಕೊಂಬೆಗೆ ಒಂದು ಕೆಲಸ ಮಾಡುತ್ತೇನೆ. ಅದನ್ನು ಇಲ್ಲಿ ಬರೆಯಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ.

ಬೇಲದ (ವುಡ್ ಆಪಲ್, ಬಿಲ್ವ ಅಲ್ಲ) ಗಿಡದ ಮೇಲೂ ಬಿಲ್ವದ ಕಣ್ಣು ಕಟ್ಟಿ ನೋಡಿದೆ. ಹಿಡಿಯಿತು, ಚಿಗುರಿತು, ಎರಡನೇ ಬೇಸಿಗೆಗೆ ಒಣಗಿತು. ಬೇಡ ಬಿಡಿ.

2024ರಲ್ಲಿ ಕಾಯಿ ಚೆನ್ನಾಗಿ ನಿಂತವು, ಆದರೆ ಅರ್ಧದಷ್ಟು ಮರದಲ್ಲೇ ಸೀಳಿದವು. ತಪ್ಪು ನನ್ನದೇ. ಜನವರಿಯಿಂದ ನೀರು ಕೊಡದೆ ಬಿಟ್ಟು ಮಾರ್ಚ್‌ನಲ್ಲಿ ಒಮ್ಮೆಲೇ ಬಾವಿ ನೀರು ತುಂಬ ಬಿಟ್ಟಿದ್ದೆ. ಈ ಸಲ ಬುಡಕ್ಕೆ ತೊಗರಿ ಹೊಟ್ಟು ದಪ್ಪಗೆ ಹಾಸಿ, ಹತ್ತು ದಿನಕ್ಕೊಮ್ಮೆ ಅಳತೆಯಲ್ಲಿ ನೀರು ಕೊಟ್ಟೆ. ಸೀಳಿದ್ದು ನಾಲ್ಕೈದು ಮಾತ್ರ. ಎಳೆ ಚಿಗುರಿಗೆ ನಿಂಬೆ ಚಿಟ್ಟೆಯ ಹುಳ ಬೀಳುತ್ತದೆ, ಬೆಳಿಗ್ಗೆ ಕೈಯಿಂದ ಆರಿಸಿದರೆ ಸಾಕು.

ಹಸಿರು ಹೋಗಿ ಹಳದಿ ತಿರುಗಿದಾಗ ತೊಟ್ಟು ಸಮೇತ ಕೀಳಿ, ನೆಲಕ್ಕೆ ಬೀಳಿಸಬೇಡಿ. ಹತ್ತು ಹನ್ನೆರಡು ದಿನ ಮನೆಯೊಳಗೆ ಇಟ್ಟರೆ ತೊಟ್ಟು ತಾನೇ ಕಳಚುತ್ತದೆ. ಮುರಬ್ಬಕ್ಕೆ ಮಾತ್ರ ಇನ್ನೂ ಹಣ್ಣಾಗದ ಬಲಿತ ಕಾಯಿಯೇ ಬೇಕು. ಬೆಲ್ಲದಲ್ಲಿ ಒಮ್ಮೆ ಮಾಡಿದೆ, ಕಪ್ಪಾಯಿತು, ಘಮವೂ ಮುಚ್ಚಿಹೋಯಿತು. ಸಕ್ಕರೆಯೇ ಸರಿ.

ಈ ಸಲ ಸುಮಾರು 180 ಹಣ್ಣು ಸಿಕ್ಕವು. ಶರಬತ್ತಿನ ಅಂಗಡಿಯವರೊಬ್ಬರು ಒಂದಕ್ಕೆ 40 ರೂಪಾಯಿಯಂತೆ ನೂರು ಹಣ್ಣು ಒಯ್ದರು. ಮುಂದಿನ ವರ್ಷಕ್ಕೆ ಈಗಲೇ ಹೇಳಿಟ್ಟಿದ್ದಾರೆ. ಕಾಕಾ ತಮ್ಮ ಹೊಲದ ಎರಡು ಪತ್ರಿ ಗಿಡ ಮಾರ್ಚ್‌ನಲ್ಲಿ ಕಡಿದು ಇಡ್ತೀನಿ, ಜೂನ್‌ಗೆ ಬಂದು ಕಟ್ಟು ಅಂದಿದ್ದಾರೆ.