ಬೋಲ್ಡ್ ಇಟ್ಯಾಲಿಕ್ ಬಳಸುವ ಮೊದಲು ಇದೊಂದು ನೋಡಿ

ಪೋಸ್ಟರ್, ಫ್ಲೆಕ್ಸ್ ಡಿಸೈನ್ ಮಾಡುವ ಗೆಳೆಯರಿಗೆ ಒಂದು ಸಲಹೆ. ಬೋಲ್ಡ್ ಇಟ್ಯಾಲಿಕ್, ಅಂದರೆ ದಪ್ಪಗೆ, ಬಲಕ್ಕೆ ವಾಲಿದ ಅಕ್ಷರ ನೋಡಿದ ಕೂಡಲೇ ಓಟದ ನೆನಪಾಗುತ್ತೆ, ಅಲ್ವಾ? ಅದಕ್ಕೇ ಕ್ರೀಡಾಕೂಟ, ಆಫರ್, ಜರ್ಸಿ ನಂಬರ್ ಇಂಥ ಕಡೆ ಅದು ಚೆನ್ನಾಗಿ ಒಪ್ಪುತ್ತೆ. ನಾಲ್ಕೈದು ಪದ ಸಾಕು. ಇಡೀ ಪ್ಯಾರಾ ಹಾಗೇ ಹಾಕಿದರೆ ಕಣ್ಣು ದಣಿಯುತ್ತೆ.

ಇಂಗ್ಲಿಷ್‌ನಲ್ಲಿ ಇದು ಎರಡು ಥರ ಇರುತ್ತೆ. 1957ರಲ್ಲಿ ಬಂದ ಹೆಲ್ವೆಟಿಕಾ ಫಾಂಟ್‌ನ ಬೋಲ್ಡ್ ಒಬ್ಲಿಕ್‌ನಲ್ಲಿ ನೇರ ಅಕ್ಷರವೇ ಸುಮಾರು 12 ಡಿಗ್ರಿ ವಾಲಿದೆ, ಆಕಾರ ಹೆಚ್ಚುಕಮ್ಮಿ ಅದೇ. ಗಿಲ್ ಸಾನ್ಸ್ ಫಾಂಟ್‌ನ ಇಟ್ಯಾಲಿಕ್‌ನಲ್ಲಿ ಹಾಗಲ್ಲ, ಸಣ್ಣ 'a' ಅಕ್ಷರದ ಮೇಲಿನ ಕೊಕ್ಕೆ ಹೋಗಿ ಕೈಬರಹದ ಥರ ಒಂದೇ ಬಟ್ಟಲಾಗಿದೆ. ಬಿಗುವು ಬೇಕಾದರೆ ಮೊದಲನೆಯದು, ಸ್ವಲ್ಪ ಆಪ್ತವಾಗಿ ಕಾಣಬೇಕಾದರೆ ಎರಡನೆಯದು.

ಕನ್ನಡದ ಕಥೆ ಬೇರೆ. ನಾವು ದಿನಾ ಬಳಸುವ ನೋಟೋ ಸಾನ್ಸ್ ಕನ್ನಡ ಫಾಂಟ್‌ನಲ್ಲಿ ಇಟ್ಯಾಲಿಕ್ ಇಲ್ಲವೇ ಇಲ್ಲ. ಆ ಬಟನ್ ಒತ್ತಿದರೆ ಸಾಫ್ಟ್‌ವೇರ್ ಸುಮ್ನೆ ಅಕ್ಷರವನ್ನು ಎಳೆದು ವಾಲಿಸುತ್ತೆ. ಆಗ ತಲೆಕಟ್ಟು ಬಲಕ್ಕೆ ಹೋಗುತ್ತೆ, ಸಾಲಿನ ಕೆಳಗಿರುವ ಒತ್ತಕ್ಷರ ಎಡಕ್ಕೆ ಜಾರುತ್ತೆ. 'ರಾಷ್ಟ್ರಮಟ್ಟದ ಕಬಡ್ಡಿ' ಅಂತ ಟೈಪ್ ಮಾಡಿ ನೋಡಿ, ಷ್ಟ್ರದ ಒತ್ತುಗಳು ತಮ್ಮ ಜಾಗದಿಂದ ಸ್ವಲ್ಪ ಸರಿದು ಹಿಂದಿನ ಅಕ್ಷರದ ಕಡೆ ವಾಲಿರುತ್ತವೆ, ಬೋಲ್ಡ್ ಬೇರೆ ಇದ್ದರೆ ಒಳಗಿನ ಸಣ್ಣ ಸಂದುಗಳೂ ದೂರದಿಂದ ಮುಚ್ಚಿಹೋದ ಹಾಗೆ ಕಾಣುತ್ತವೆ.

ನಾನಾದರೆ ಕನ್ನಡ ಸಾಲನ್ನು ನೇರ ಬೋಲ್ಡ್‌ನಲ್ಲೇ ಇಟ್ಟು, ಅದರ ಹಿಂದಿನ ಬಣ್ಣದ ಪಟ್ಟಿಯನ್ನು ಓರೆ ಮಾಡುತ್ತೇನೆ. ವೇಗವೂ ಕಾಣುತ್ತೆ, ಅಕ್ಷರವೂ ಕೆಡಲ್ಲ. ವಾಲಿಸಲೇಬೇಕು ಅಂದರೆ 6-8 ಡಿಗ್ರಿ ದಾಟಬೇಡಿ, ಅಕ್ಷರಗಳ ನಡುವೆ ಸ್ವಲ್ಪ ಜಾಸ್ತಿ ಜಾಗ ಬಿಡಿ. ಪ್ರಿಂಟಿಗೆ ಕೊಡುವ ಮೊದಲು ಮೊಬೈಲ್‌ನಲ್ಲಿ ಚಿಕ್ಕದು ಮಾಡಿ, ಕೈ ಚಾಚಿ ಹಿಡಿದು ಓದಿ ನೋಡಿ.